ಎದುರಿನ ನಾಲ್ಕು ಹಲ್ಲು

ಕಡಲಾಚೆಯ ಯುದ್ಧಕ್ಕೆ ಏಳು ವರ್ಷ ತುಂಬುವ ಹೊತ್ತಿಗೆ ಆ ಊರಿನ ಹಲ್ಲಿನ ಡಾಕ್ಟರ ಬಳಿಗೆ ನೋವಿಲ್ಲದ ಹಲ್ಲುಗಳು ಬರತೊಡಗಿದ್ದವು. ಬರುತ್ತಿದ್ದವರೆಲ್ಲ ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಗಂಡುಮಕ್ಕಳು. ಕುರ್ಚಿಗೆ ಒರಗಿ ಬಾಯಿ ತೆರೆದರೆ ಒಳಗೆ ಒಂದೂ ಹುಳುಕಿಲ್ಲ. ಆದರೂ ಎಲ್ಲರದೂ ಒಂದೇ ರಾಗ: "ಎದುರಿನ ನಾಲ್ಕೂ ಕಿತ್ತುಬಿಡಿ ಡಾಕ್ಟ್ರೇ, ಪ್ರಾಣ ಹೋಗ್ತಿದೆ."

ಮೇಲಿನ ಎದುರು ಹಲ್ಲು ನಾಲ್ಕೂ ಇಲ್ಲದವರನ್ನು ಸೇನೆ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿ ಕೊಡುವ ಕಲ್ಲಿನಂಥ ಬಿಸ್ಕತ್ತು ಕಚ್ಚಲಾಗದವನನ್ನು ಕಟ್ಟಿಕೊಂಡು ಅವರಾದರೂ ಏನು ಮಾಡಿಯಾರು? ಮೊದಲ ವರ್ಷ ಬಸ್ ನಿಲ್ದಾಣಕ್ಕೆ ಹೋಗಿ ಚಪ್ಪಾಳೆ ತಟ್ಟಿ ಹುಡುಗರನ್ನು ಕಳಿಸಿದ್ದೂ ಇದೇ ಊರು. ಈಗ ಆ ಮಾತು ಬಂದರೆ ಜನ ದನಿ ತಗ್ಗಿಸುತ್ತಿದ್ದರು. ಯಾಕೆ ಹೋಗಿದ್ದೇವೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಹೋಗಿ ಬಾರದವರ ಹೆಸರುಗಳು ಮಾತ್ರ ಎಲ್ಲರಿಗೂ ಬಾಯಿಪಾಠ.

ಸರ್ಕಾರವೇನೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಕಿತ್ತ ಹಲ್ಲನ್ನೆಲ್ಲ ರೋಗಿಯ ಹೆಸರು ಬರೆದ ಲಕೋಟೆಯಲ್ಲಿಟ್ಟು ಜಿಲ್ಲಾ ಕಚೇರಿಗೆ ಕಳಿಸಬೇಕು. ಗಟ್ಟಿ ಹಲ್ಲು ಕಿತ್ತದ್ದು ಗೊತ್ತಾದರೆ ಲೈಸೆನ್ಸ್ ರದ್ದು, ಐದು ವರ್ಷ ಜೈಲು. ಆ ಆದೇಶವನ್ನು ಡಾಕ್ಟರು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ಬಂದವರಿಗೆ ಅದನ್ನು ಬೆರಳಲ್ಲಿ ತೋರಿಸಿದರೆ ಮುಗಿಯಿತು, ತಾವು ಬಾಯಿ ಬಿಡಬೇಕಾಗಿರಲಿಲ್ಲ.

ಎದುರು ಸಾಲಿನ ಇಸ್ತ್ರಿ ಅಂಗಡಿಯವಳು ಮಗನನ್ನು ಕರೆದುಕೊಂಡು ಬಂದಾಗಲೂ ಹಾಗೇ ಮಾಡಿದರು. ಅವಳು ಅಂಗಲಾಚಲಿಲ್ಲ. ಬಗ್ಗಿ ಕಾಗದವನ್ನು ಪೂರ್ತಿ ಓದಿ, "ಏಳೋ, ಹೋಗೋಣ" ಎಂದು ಮಗನನ್ನು ಎಬ್ಬಿಸಿಕೊಂಡು ಹೋದಳು. ಮುಂದಿನ ತಿಂಗಳೇ ಅವನು ಹೊರಟ.

ಅದಾಗಿ ಎರಡು ತಿಂಗಳಿಗೆ ಡಾಕ್ಟರ ಅಕ್ಕ ಬಂದಳು. ತಾಯಿ ತೀರಿಕೊಂಡ ಮೇಲೆ ಅವರನ್ನು ಎತ್ತಿ ಆಡಿಸಿ ಓದಿಸಿದವಳು. ಹಿಂದೆಯೇ ಅವಳ ಒಬ್ಬನೇ ಮಗ, ಸಿಟಿ ಬಸ್ಸಿನ ಕಂಡಕ್ಟರ್. ಬಸ್ಸು ತುಂಬ ಜನರನ್ನು ನಗಿಸಿಕೊಂಡೇ ಟಿಕೆಟ್ ಹರಿಯುವ ಮಾತುಗಾರ.

"ಎರಡು ತಿಂಗಳಲ್ಲಿ ಬಾ ಅಂತ ಕಾಗದ ಬಂದಿದೆ ಕಣೋ," ಎಂದಳು ಅಕ್ಕ.

"ಅಕ್ಕಾ, ಎಷ್ಟು ಜನರನ್ನ ವಾಪಸ್ ಕಳಿಸಿದೀನಿ. ಇವನಿಗೆ ಕಿತ್ತರೆ ಊರಿಗೆ ಏನು ಹೇಳಲಿ?"

"ಊರಿಗೆ ಆಮೇಲೆ ಹೇಳುವೆಯಂತೆ. ನನಗೇನು ಹೇಳ್ತೀಯ, ಅದನ್ನ ಹೇಳು."

"ಮಾಮ, ಸೀಟಿ ಊದೋಕೆ ಒಂದೆರಡಾದ್ರೂ ಬಿಟ್ಟಿರು," ಎಂದ ಅಳಿಯ. ಡಾಕ್ಟರು ಅವನನ್ನು ಕುರ್ಚಿಗೆ ಒರಗಿಸಿ ಬಾಯಿ ತೆರೆಸಿದರು.

ಗಟ್ಟಿ ಹಲ್ಲು ಲಕೋಟೆಯಲ್ಲಿ ಹೋದರೆ ಸಿಕ್ಕಿಬೀಳುವುದು ಖಂಡಿತ. ಆದ್ದರಿಂದ ಮೊದಲು ಅವನ್ನು ಕೆಡಿಸಬೇಕಾಯಿತು. ಪ್ರತಿ ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ಡಾಕ್ಟರು ಅಳಿಯನ ಹಲ್ಲುಗಳನ್ನು ಹಿಂಬದಿಯಿಂದ ಒಂದಿಷ್ಟೊಂದಿಷ್ಟೇ ಕೊರೆದರು. ತುಂಬದೆ ಹಾಗೇ ತೆರೆದು ಬಿಟ್ಟರು. ಬೆಲ್ಲ ಅದುಮಿಟ್ಟುಕೊ, ಬಾಯಿ ತೊಳೆಯಬೇಡ ಎಂದು ಹೇಳಿ ಕಳಿಸಿದರು. ಇಪ್ಪತ್ತೆರಡು ವರ್ಷ ಹುಳುಕು ತೆಗೆದ ಕೈ ಹುಳುಕು ಹಾಕುವುದನ್ನು ಕಲಿಯಿತು. ಮೂರನೇ ವಾರಕ್ಕೆ ಅಳಿಯನ ತುಟಿ ಬಾತುಕೊಂಡಿತು, ನೀರು ಕುಡಿದರೂ ಕಣ್ಣಲ್ಲಿ ನೀರು. ಕೊರೆಯುವ ಸದ್ದು ಶುರುವಾದೊಡನೆ ಹೊರಗೆ ಬೆಂಚಿನ ಮೇಲೆ ಕೂತ ಅಕ್ಕ ಎದ್ದು ಬೀದಿಯ ಕೊನೆಯವರೆಗೂ ನಡೆದು ಹೋಗಿಬಿಡುತ್ತಿದ್ದಳು.

ಆರನೇ ಶನಿವಾರ ನಾಲ್ಕನ್ನೂ ಕಿತ್ತು ಲಕೋಟೆಗೆ ಹಾಕಿದರು. ಆಮೇಲೆ ಎಷ್ಟೋ ದಿನ ಬಾಗಿಲಲ್ಲಿ ಜೀಪು ನಿಂತರೆ ಡಾಕ್ಟರು ಇಕ್ಕಳ ಕೆಳಗಿಟ್ಟು ಕಿಟಕಿಗೆ ಹೋಗಿ ನೋಡುತ್ತಿದ್ದರು. ಯಾರೂ ಬರಲಿಲ್ಲ. ಅಳಿಯನಿಗೆ 'ಅನರ್ಹ' ಎಂಬ ಚೀಟಿ ಸಿಕ್ಕಿತು.

ಊರಿಗೇನು ಕಣ್ಣಿಲ್ಲವೆ? "ಡಾಕ್ಟರ ಅಳಿಯನಿಗೊಬ್ಬನಿಗೇ ನೋಡಿ ಹುಳುಕು!" ಎಂದು ಬಸ್ಸಿನಲ್ಲೇ, ಅವನಿಗೆ ಕೇಳುವಂತೆ ಆಡಿಕೊಂಡರು. ಟಿಕೆಟ್ ಕೇಳಿದರೆ ಕೆಲವರು ಅವನ ಮುಖ ನೋಡದೆ ಕೈ ಚಾಚುತ್ತಿದ್ದರು. ಅವನು ಮಾತು ಕಮ್ಮಿ ಮಾಡಿದ, ಆಡಿದರೂ ಬಾಯಿಗೆ ಅಂಗೈ ಅಡ್ಡ. ತಾಯಿಯೊಡನೆಯೂ ಅಷ್ಟಕ್ಕಷ್ಟೆ. ಕ್ಲಿನಿಕ್ಕಿಗೆ ಬರುವವರೂ ಕಮ್ಮಿಯಾದರು. ಬೇರೆಡೆ ಹೋಗಬಹುದಾದವರು ಹೋದರು.

ಇಸ್ತ್ರಿ ಅಂಗಡಿಯವಳಿಗೆ ಬೇರೆ ದಾರಿಯಿರಲಿಲ್ಲವೇನೋ, ದವಡೆ ಊದಿಸಿಕೊಂಡು ಬಂದಳು. ಮಗ ಸತ್ತ ಸುದ್ದಿ ಅವಳಿಗೆ ಬಂದು ಆಗ ತಿಂಗಳಾಗಿತ್ತು. ಕುರ್ಚಿಯಲ್ಲಿ ಕೂತಳು. ಡಾಕ್ಟರು ಸೂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದರು.

"ಹುಳುಕು ಹಾಕೋಕೆ ಎಷ್ಟು ದಿನ ಹಿಡೀತದೆ ಡಾಕ್ಟ್ರೇ?"

ಸುಳ್ಳು ಹೇಳಬಹುದಿತ್ತು. "ಆರು ವಾರ," ಎಂದರು.

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ನಮ್ಮ ಹುಡುಗನಿಗೆ ಇದ್ದದ್ದು ನಾಲ್ಕೇ ವಾರ. ಆಗ್ತಿರಲಿಲ್ಲ, ಅಲ್ವಾ?"

"ಆಗ್ತಿರಲಿಲ್ಲ," ಎಂದರು ಡಾಕ್ಟರು. ಆಗುತ್ತಿತ್ತು. ನಾಲ್ಕು ವಾರದಲ್ಲೂ ಹೇಗಾದರೂ ಮಾಡಬಹುದಿತ್ತು. ಅವಳು ಸಾವಕಾಶವಾಗಿ ತಲೆಯಾಡಿಸಿ, ಬಾಯಿ ತೆರೆದಳು.

ಒಂಬತ್ತನೇ ವರ್ಷದ ನಡುವೆ ಹೊಸ ಆದೇಶ ಬಂತು. ಜನ ಸಾಲದು, ಹಲ್ಲಿನ ನಿಯಮ ತೆಗೆದುಹಾಕಲಾಗಿದೆ. ಹಲ್ಲಿಲ್ಲವೆಂದು ಬಿಟ್ಟವರೆಲ್ಲ ಮತ್ತೆ ಹಾಜರಾಗಬೇಕು. ಅವರಿಗೆ ಕಟ್ಟುಹಲ್ಲು ಮಾಡಿಕೊಡುವುದು ಆಯಾ ಊರಿನ ದಂತವೈದ್ಯರ ಹೊಣೆ. ಒಲ್ಲೆನೆಂದರೆ ದೇಶದ್ರೋಹ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೂವತ್ತೊಂದು ಜನ ನಿಂತಿದ್ದರು. ಅಷ್ಟು ಜನರಲ್ಲಿ ಡಾಕ್ಟರು ಕಿತ್ತದ್ದು ಒಬ್ಬನದೇ. ಮಿಕ್ಕವರ ಒಸಡಿನಲ್ಲಿ ಮುರಿದ ಬೇರುಗಳು ಹಾಗೇ ಉಳಿದಿದ್ದವು. ಕೆಲವರು ಗ್ಯಾರೇಜಿನ ಇಕ್ಕಳದಲ್ಲಿ ಕಿತ್ತುಕೊಂಡಿದ್ದರು, ಒಬ್ಬ ಕಲ್ಲಿನಿಂದ ಒಡೆದುಕೊಂಡಿದ್ದ. ವಾಪಸ್ ಕಳಿಸಿದ ಮುಖಗಳನ್ನು ಡಾಕ್ಟರು ಒಂದೊಂದಾಗಿ ಗುರುತಿಸಿದರು. ಬೇರು ಕಿತ್ತು, ಒಸಡು ಮಾಯಲು ಬಿಟ್ಟು, ಮೇಣದಲ್ಲಿ ಅಚ್ಚು ತೆಗೆದರು.

ಅಳಿಯನ ಸರದಿ ಬಂದ ದಿನ ಅಕ್ಕ ಒಳಗೇ ಬಂದು ನಿಂತಳು.

"ಇದನ್ನೂ ನೀನೇ ಮಾಡ್ತೀಯೇನೋ?"

"ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ ಅಕ್ಕ. ಹಲ್ಲು ಸರಿಯಾಗಿ ಕೂರದಿದ್ರೆ ಅಲ್ಲಿ ಹೋಗಿ ಬಾಯಿ ಹುಣ್ಣಾಗಿ ಒದ್ದಾಡ್ತಾನೆ."

ಅಕ್ಕ ಅವರನ್ನೇ ನೋಡಿದಳು. ಹೊರಗೆ ಹೋದಳು.

ಹಲ್ಲುಗಳು ಚೆನ್ನಾಗಿಯೇ ಬಂದಿದ್ದವು. ಡಾಕ್ಟರು ಅವನ್ನು ಅಳಿಯನ ಬಾಯಿಗೆ ಕೂಡಿಸಿ, "ಕಚ್ಚು. ಎಲ್ಲಾದ್ರೂ ಒತ್ತುತ್ತಾ?" ಎಂದು ಕೇಳಿದರು. ಒತ್ತುತ್ತದೆ ಎನ್ನಲಿ, ಇನ್ನೊಂದು ವಾರ ಎಳೆಯಬಹುದು ಎಂದು ಒಳಗೊಳಗೇ ಬೇಡುತ್ತಿದ್ದರು.

"ಇಲ್ಲ ಮಾಮ. ಹೇಳಿ ಮಾಡಿಸಿದ ಹಾಗಿದೆ."

"ಸರಿಯಾಗಿ ನೋಡೋ. ಶನಿವಾರ ಬಾ, ಇನ್ನಷ್ಟು ಉಜ್ಜಿಕೊಡ್ತೀನಿ."

"ಶನಿವಾರ ನಾನೆಲ್ಲಿರ್ತೀನಿ? ಶುಕ್ರವಾರವೇ ಗಾಡಿ."

ಅಳಿಯ ಕನ್ನಡಿ ಕೇಳಿದ. ತುಟಿ ಸರಿಸಿ ಎಡಕ್ಕೆ, ಬಲಕ್ಕೆ ಮುಖ ತಿರುಗಿಸಿ ನೋಡಿಕೊಂಡ. ಒಂದು ವರ್ಷದಿಂದ ಬಾಯಿಗೆ ಅಡ್ಡವಾಗುತ್ತಿದ್ದ ಕೈ ತೊಡೆಯ ಮೇಲೇ ಇತ್ತು. "ಮೊದಲಿನದಕ್ಕಿಂತ ಚೆನ್ನಾಗಿವೆ, ಮಾಮ," ಎಂದ, ಎದ್ದು ಅಂಗಿ ಸರಿಮಾಡಿಕೊಂಡ. ಡಾಕ್ಟರು ಅವನ ಹಿಂದೆ ಬಾಗಿಲವರೆಗೆ ಬಂದರು. ಬೆಂಚಿನ ಮೇಲೆ ಇನ್ನೂ ಹನ್ನೊಂದು ಜನ ಕೂತಿದ್ದರು. ಮೊದಲನೆಯವನು ಆಗಲೇ ಎದ್ದು ನಿಂತಿದ್ದ. "ಬಾಪ್ಪಾ," ಎಂದು ಅವನನ್ನು ಒಳಗೆ ಕರೆದರು.