ಮಶೀನು ಬರುವ ತನಕ

ಇಬ್ಬರು ಯಮನೂರಪ್ಪನ ಹೆಣವನ್ನು ಸ್ನಾನದ ಹಲಗೆಗೆ ಎತ್ತುತ್ತಿದ್ದಂತೆ ವೆಂಕೋಬ ಬೆನ್ನು ತಿರುಗಿಸಿ, ಸೊಂಟ ಬಗ್ಗಿಸಿ ನಿಂತುಬಿಟ್ಟ. ಸಿಂಧನೂರಿನ ಧಾನ್ಯದ ಪೇಟೆ ಗಂಜಿನಲ್ಲಿ ವರ್ಷಾನುಗಟ್ಟಲೆ ಭತ್ತದ ಚೀಲ ಹೊತ್ತ ಮೈ ಅದು. ಇಬ್ಬರು ಎತ್ತಿದರೆ ಮೂರನೆಯವನು ಬೆನ್ನು ಕೊಡಬೇಕು ಎಂಬುದೊಂದೇ ಅದಕ್ಕೆ ಗೊತ್ತು.

"ಲೇ ವೆಂಕೋಬ, ಅದು ಚೀಲ ಅಲ್ಲಲೇ," ಎಂದ ಜೊತೆಯ ಹಮಾಲ, ಮೆಲ್ಲಗೆ.

ವೆಂಕೋಬ ನಾಚಿ ನೆಟ್ಟಗಾದ. ಯಾರೂ ನಗಲಿಲ್ಲ. ಬಾಗಿಲ ಬಳಿ ಕೂತಿದ್ದ ಗ್ಯಾನಮ್ಮನಿಗೆ ಮಾತ್ರ, ಗಂಡ ಯಮನೂರಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಅನ್ನಿಸಿತು. ಹಾಗನ್ನಿಸಿದ್ದೇ ತಡ, ದುಃಖ ಒತ್ತರಿಸಿ ಬಂತು.

ಅದು ತೊಂಬತ್ತೊಂಬತ್ತರ ಬೇಸಿಗೆ. ಗಂಜಿನ ತುಂಬ ಭತ್ತ ಬಂದು ಬಿದ್ದಿದ್ದರೂ ಹಮಾಲರ ಟೋಳಿಗೆ ಟೋಳಿಯೇ ಕೆಲಸ ಬಿಟ್ಟು ತುರ್ವಿಹಾಳದ ಯಮನೂರಪ್ಪನ ಮನೆಯ ಸಣ್ಣ ಅಂಗಳಕ್ಕೆ ಬಂದಿತ್ತು. ಗಂಜಿನ ಮುಂದೆ ಚಹಾ ಅಂಗಡಿ ಇಟ್ಟಿದ್ದ ಹುಸೇನಬಾಷಾ ಎಲ್ಲರಿಗಿಂತ ಕೊನೆಗೆ ಬಂದ. ಬಂದವನು ಗ್ಯಾನಮ್ಮನ ಮುಖ ನೋಡಲಾರದೆ ಗೋಡೆಗೆ ಒರಗಿ ನಿಂತ.

* * *

ಹಿಂದಿನ ವರ್ಷ ಯಮನೂರಪ್ಪ ಬೆನ್ನ ಮೇಲಿನ ಚೀಲದ ಸಮೇತ ಕುಸಿದಿದ್ದ. ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿ, ಹೃದಯದೊಳಗಿನ ಬಾಗಿಲೊಂದು ಕೆಟ್ಟಿದೆ, ಹೈದರಾಬಾದಿಗೆ ಹೋಗಿ ಹೊಸದು ಹಾಕಿಸಿಕೊಳ್ಳಬೇಕು ಎಂದರು. ಎದೆಯ ನಡುವಿನ ಎಲುಬು ಕೊಯ್ದು ತೆರೆದು, ಆಮೇಲೆ ತಂತಿಯಿಂದ ಹೊಲಿಯುತ್ತಾರಂತೆ. "ಎಲುಬು ಕೂಡ್ತದ, ಹೆದರಬ್ಯಾಡ," ಎಂದೂ ಹೇಳಿದರು. ಆ ಮಾತು ಗ್ಯಾನಮ್ಮನ ಕಿವಿಗೆ ಬಿತ್ತು, ಗಂಡನ ಕಿವಿಗೆ ಬೀಳಲಿಲ್ಲ.

"ಉದ್ದಕ ಸೀಳಿ ಹೊಲಿದ ಚೀಲಕ್ಕ ಯಾವನರ ಭತ್ತ ತುಂಬ್ತಾನೇನ, ಗ್ಯಾನಿ? ಎತ್ತಿದ ಕೂಡ್ಲೆ ಹೊಲಿಗಿ ಬಿಚ್ಚತೈತಿ," ಎಂದ, ಊರಿಗೆ ಮರಳುವ ಬಸ್ಸಿನಲ್ಲಿ.

"ನೀ ಏನ್ ಚೀಲಾ?"

"ಚೀಲದ ಕೆಳಗ ಇರಾವ. ಎರಡೂ ಒಂದ."

ಟೋಳಿಯವರು ಅವನಿಗೆ ಚೀಲದ ಬಾಯಿ ಹೊಲಿಯುವ ಹಗುರ ಕೆಲಸ ಬಿಟ್ಟುಕೊಟ್ಟರು. ಹಾಗೆ ಹೊಲಿಯುತ್ತ ಕೂತಿದ್ದಾಗಲೇ ಹುಸೇನಬಾಷಾ ಪೇಪರಿನ ಸುದ್ದಿಯೊಂದನ್ನು ಓದಿ ಹೇಳಿದ್ದು. ಪರದೇಶದಲ್ಲಿ ರೋಬೋಟ್ ಎಂಬ ಮಶೀನು ಬಂದಿದೆಯಂತೆ. ಡಾಕ್ಟರು ದೂರ ಕೂತು ಕೈಯಾಡಿಸಿದರೆ ಮಶೀನಿನ ಸಣ್ಣ ಕೈಗಳು ಪಕ್ಕೆಯ ತೂತುಗಳಿಂದ ಒಳಹೊಕ್ಕು ಹೃದಯ ರಿಪೇರಿ ಮಾಡುತ್ತವಂತೆ. ಎದೆ ಸೀಳುವ ಮಾತೇ ಇಲ್ಲ.

ಅವತ್ತು ಯಮನೂರಪ್ಪ ಮನೆಗೆ ಜಿಲೇಬಿ ತಂದ. ವ್ಯಾಪಾರಸ್ಥರು ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ಭತ್ತ ತೆಗೆದು ನೋಡುವುದನ್ನು ದಿನಾ ಕಂಡವನು ಅವನು.

"ಚುಚ್ಚಿದ ತೂತು ಬೆರಳಿಲೆ ತಿಕ್ಕಿದ್ರ ಮುಚ್ಚತೈತಿ. ಚೀಲಕ್ಕ ಗೊತ್ತ ಆಗಂಗಿಲ್ಲ. ಆ ಮಶೀನ್ ಹೈದರಾಬಾದಿಗೆ ಬರ್ಲಿ, ನಾನ ಹೋಗಿ ಮಲಗ್ತೀನಿ."

ಗ್ಯಾನಮ್ಮ ಅತ್ತಳು, ಬೈದಳು, ಉಪವಾಸ ಕೂತಳು, ವೆಂಕೋಬನಿಂದ ಹೇಳಿಸಿದಳು. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಕೊನೆಗೆ ಅವಳಿಗೂ ಆ ಮಶೀನೇ ಗತಿ. ಸಂತೆಗೆ ಹೋದಾಗಲೆಲ್ಲ ಚಹಾ ಅಂಗಡಿಯ ಮುಂದೆ ನಿಂತು, ತಡವಾದ ಬಸ್ಸನ್ನು ಕೇಳುವವಳ ಹಾಗೆ, "ಅಣ್ಣಾ, ಎಲ್ಲಿತನಕ ಬಂತು?" ಎಂದು ಕೇಳುತ್ತಿದ್ದಳು. ಹುಸೇನಬಾಷಾ ಪೇಪರು ತಿರುವಿ ತಲೆಯಲ್ಲಾಡಿಸುತ್ತಿದ್ದ. ಇತ್ತ ಯಮನೂರಪ್ಪನ ಕಾಲು ಬಾತವು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದ. ಅವಳು ಎದುರಿಗೆ ಕೂತು ನೋಡುತ್ತಿದ್ದಳು, ಮತ್ತೇನು ಮಾಡಲಿಕ್ಕೂ ಅವಳಿಗೆ ತೋಚುತ್ತಿರಲಿಲ್ಲ.

* * *

"ನಾ ಅದನ್ನ ಓದಿ ಹೇಳಬಾರದಿತ್ತು, ಯಕ್ಕಾ," ಎಂದ ಹುಸೇನಬಾಷಾ, ಕಡೆಗೂ ಹತ್ತಿರ ಬಂದು.

"ಪೇಪರ್‌ನ್ಯಾಗ ಇದ್ದದ್ದ ಓದಿದಿ. ನಿಂದೇನೈತಿ ಅದರಾಗ." ಮತ್ತೆ ಅವಳೇ ಕೇಳಿದಳು, "ಈಗ ಎಲ್ಲಿತನಕ ಬಂದೈತಿ?"

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಇನ್ನಾ ಹಡಗ ಹತ್ತಿಲ್ಲ, ಯಕ್ಕಾ."

ನೀರು ಹಾಕಲು ಗ್ಯಾನಮ್ಮನನ್ನು ಕರೆದು ಕೈಗೆ ತಂಬಿಗೆ ಕೊಟ್ಟರು. ವೆಂಕೋಬ ಹೆಣದ ಅಂಗಿ ಬಿಚ್ಚಿದ. ಕಾಲು, ಹೊಟ್ಟೆ ಬಾತಿದ್ದರೂ ಎದೆ ಮಾತ್ರ ಹಮಾಲನದೇ, ಅಗಲವಾಗಿ, ಗಟ್ಟಿಯಾಗಿ ಇತ್ತು.

"ಎಂಥಾ ಎದಿ ನೋಡ್ರಬೇ," ಎಂದಳು ಯಮನೂರಪ್ಪನ ದೊಡ್ಡವ್ವ ಮುದುಕಮ್ಮ, ಮೆಚ್ಚಿ. "ಒಂದು ಗೀರು ಬಿದ್ದಿಲ್ಲ."

ಗ್ಯಾನಮ್ಮ ತಂಬಿಗೆ ಬಗ್ಗಿಸಿದಳು. ನೀರು ಗಂಟಲ ಕುಳಿಯಿಂದ ಎದೆಯ ನಡುವೆ ನೆಟ್ಟಗೆ, ಎಲ್ಲೂ ತಡೆಯದೆ ಇಳಿದು ಹೋಯಿತು.