ತೋರಿಸಲಿಕ್ಕೆ ಬಿಟ್ಟ ನೀರು

ಹಳ್ಳವೆಲ್ಲ ಕರೆಂಟ್ ಕಂಪನಿಯ ಪೈಪಿನೊಳಗೆ ಹೋಯಿತು. ಆಮೇಲೆ ನಿಲ್ಕುಂದದ ಆಚೆಯ ಕೇರಿಯ ಹೆಂಗಸರು ಒಣ ಹಳ್ಳದ ಮರಳು ಬಗೆದು ಒರತೆ ಮಾಡಿಕೊಂಡರು. ಒಂದು ಕೊಡ ತುಂಬಲು ಕರಟದಲ್ಲಿ ಎಷ್ಟೋ ಹೊತ್ತು ಮೊಗೆಯಬೇಕು. ಮೊಗೆದವಳು ಹೊಂಡಕ್ಕೆ ಮುತ್ತುಗದ ಎಲೆ ಮುಚ್ಚಿ ಹೋಗುತ್ತಿದ್ದಳು, ಮುಂದೆ ಬರುವವಳಿಗೆ ತಿಳಿನೀರು ಸಿಗಲಿ ಎಂದು.

ಆ ಎಲೆ ಮುಚ್ಚಲು ನಿಂತದ್ದಕ್ಕೇ ಚೌಡಮ್ಮನ ಕಾಲು ಮುರಿದದ್ದು.

ಎರಡು ಸಾವಿರದ ಏಳರ ಬೇಸಿಗೆ. ಪರದೇಶದ ಅಧಿಕಾರಿಗಳು ಬಂದಿದ್ದರು. ಹೊಗೆಯಿಲ್ಲದ ಕರೆಂಟಿಗೆ ಅವರ ದೇಶ ಹಣ ಕೊಡುತ್ತದಂತೆ. ಹಳ್ಳ ಬತ್ತಿಸಿದ್ದರೆ ಇಲ್ಲವಂತೆ. ಅವರು ಸೇತುವೆಗೆ ಬರುವ ಮೊದಲೇ ಕಂಪನಿಯ ಮ್ಯಾನೇಜರ್ ಸಂದೇಶ ಎಂಬವನು ಮೇಲಿನ ಒಡ್ಡಿನ ಗೇಟು ಎತ್ತಿಸಿದ. ನೀರು ನುಗ್ಗಿತು. ಉಳಿದವರು ದಂಡೆ ಹತ್ತಿದರು. ಚೌಡಮ್ಮ ಕಲ್ಲುಗಳ ನಡುವೆ ಸಿಕ್ಕಿಕೊಂಡಳು. ಬಂದವರು ತುಂಬಿದ ಹಳ್ಳದ ಫೋಟೊ ತೆಗೆದುಕೊಂಡು ಹೋದರು.

ಗೇಟು ಎತ್ತಿದವನು ಅವಳ ಮಗ ಬೈರ. ಮೇಲಿನಿಂದ ಕೆಳಗಿನವರು ಕಾಣುವುದಿಲ್ಲ.

ಈಗ ಆ ಅಧಿಕಾರಿಗಳು ಮತ್ತೆ ಬರುವವರಿದ್ದರು. ಸಂದೇಶ ಜೀಪಿನಲ್ಲಿ ಕೇರಿಗೆ ಬಂದ.

"ನಾಳೆ ಬೆಳಿಗ್ಗೆ ಯಾರೂ ಹಳ್ಳಕ್ಕೆ ಇಳೀಬೇಡಿ. ಚೀನಾದಲ್ಲಿ ಇಂಥ ಕರೆಂಟ್ ಘಟಕ ನೂರಾರು ಎದ್ದಿವೆ. ಇವರು ನಮ್ಮನ್ನ ಒಪ್ಪದಿದ್ರೆ ದುಡ್ಡೆಲ್ಲ ಅಲ್ಲಿಗೆ ಹೋಗ್ತದೆ. ದೇಶದ ಮರ್ಯಾದೆ ಪ್ರಶ್ನೆ."

"ಚೀನಾದ ಹೆಂಗಸ್ರೂ ಹಳ್ಳದಾಗೆ ಒರತೆ ತೋಡ್ತಾರಾ ಸಾಹೇಬ್ರೆ?" ಚೌಡಮ್ಮ ಜಗುಲಿಯಲ್ಲಿ ಮಲಗಿದಲ್ಲಿಂದಲೇ ಕೇಳಿದಳು.

"ಬೈರನ ಕೆಲಸ ಉಳೀಬೇಕಲ್ಲ ಅಜ್ಜಿ" ಎಂದು ಅವನು ನಕ್ಕ.

ಜೀಪಿನ ಡ್ರೈವರ್ ಮಾತ್ರ ತನ್ನ ನೀರಿನ ಬಾಟಲಿಯನ್ನು ಯಾರಿಗೂ ಕಾಣದಂತೆ ಜಗುಲಿಯ ಮೂಲೆಯಲ್ಲಿಟ್ಟು ಹೋದ.

ಸಂಜೆ ಬೈರನ ಹೆಂಡತಿ ನಾಗಿ ಹೇಳಿದಳು. "ನಾಳೆ ನಾವೆಲ್ಲ ಹಳ್ಳದಾಗೇ ಕೂರ್ತೀವಿ. ನೀ ಗೇಟು ಎತ್ತಬ್ಯಾಡ."

"ನಾ ಎತ್ತದಿದ್ರೆ ಆ ಮ್ಯಾನೇಜರೇ ಎತ್ತತಾನೆ. ಗುಂಡಿ ಒತ್ತಿದ್ರೆ ಮುಗೀತು."

"ಹಂಗಾರೆ ಇಳ್ದು ಬಾ."

ಬೈರ ಗಂಜಿಯ ಬಟ್ಟಲು ಅರ್ಧಕ್ಕೇ ಕೆಳಗಿಟ್ಟು ಎದ್ದ.

ಬೆಳಿಗ್ಗೆ ಹೆಂಗಸರು ತಮ್ಮ ತಮ್ಮ ಒರತೆಯ ಪಕ್ಕ ಕೂತರು. ಗಾಳಿಗೆ ಎಲೆ ಸರಿದರೂ ಎಲ್ಲರ ಕುತ್ತಿಗೆ ಮೇಲಿನ ಗೇಟಿನತ್ತ ತಿರುಗುತ್ತಿತ್ತು.

"ಓಡನೇನೇ ನಾಗಿ?" ಪಕ್ಕದ ತನುಜಾ ಕೇಳಿದಳು.

"ನಂಗೂ ಹೆದ್ರಿಕೆನೇ ಮಾರಾಯ್ತಿ. ಕೈ ಹಿಡ್ಕ."

ಹಳ್ಳದ ತಿರುವಿನಲ್ಲಿ ಯಾರೋ ಓಡಿ ಬರುವುದು ಕಂಡಿತು. ಬೈರ. ದಂಡೆ ಹತ್ತದೆ ನೇರ ಬಂದು ನಾಗಿಯ ಪಕ್ಕ ಕೂತ.

"ಕೆಳಗೆ ಹೆಂಗಸ್ರು ಕೂತಿದಾರೆ ಅಂದೆ" ಎಂದು ಏದುಸಿರು ಬಿಟ್ಟ. "ನೀರು ಬಂದ್ರೆ ತಾವಾಗೇ ಏಳ್ತಾರೆ ಅಂದ ಆ ಮ್ಯಾನೇಜರು."

ಸೇತುವೆಯ ಮೇಲೆ ಪರದೇಶದವರ ಜೀಪು ನಿಂತಿತು. ಬಿಳಿಯ ಹೆಂಗಸೊಬ್ಬಳು ಕೆಳಗೆ ಬಗ್ಗಿ ನೋಡಿದಳು. ಅದೇ ಹೊತ್ತಿಗೆ ಮೇಲಿನಿಂದ ಗೇಟಿನ ಕಬ್ಬಿಣ ಕಿರುಗುಟ್ಟಿತು.

ಯಾರೂ ಏಳಲಿಲ್ಲ.