ಗಂಗುಬಾಯಿಯವರು ಗಿಡವಾದ ರವಿವಾರ

ಮುಂಬಯಿಯ ಆಂಟಾಪ್ ಹಿಲ್‌ನ ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಹೆಣ್ಣು ತೋರಿಸುವುದು ಬೇಡವೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಗಂಡಿನವರು ಮೆಟ್ಟಿಲು ಹತ್ತುವಾಗ ಇಡೀ ಚಾಳು ಬಾಗಿಲಿಗೆ ಬಂದು ನಿಲ್ಲುತ್ತದೆ. ಅವರು ಒಲ್ಲೆವೆಂದು ಇಳಿದು ಹೋದರೆ ಅದೇ ಚಾಳು ಮುಂದೆ ತಿಂಗಳುಗಟ್ಟಲೆ ನನ್ನ ಮೋರೆ ನೋಡುತ್ತದೆ. ಹಾಗಾಗಿ ಮಾಟುಂಗಾದ ಉದ್ಯಾನ, ಫೈವ್ ಗಾರ್ಡನ್ಸ್. ಎರಡೂ ಮನೆಯವರು ಗಾಳಿಗೆ ಬಂದವರಂತೆ ಬರುವುದು, ಒಂದು ಬೆಂಚಿನ ಹತ್ತಿರ ಅಕಸ್ಮಾತ್ ಎದುರಾಗುವುದು, ಅವ್ವ ಕಟ್ಟಿ ತಂದ ಅವಲಕ್ಕಿ ಚೂಡಾ ತಿನ್ನುತ್ತ ಹುಡುಗಿಯನ್ನು ನೋಡುವುದು. ಒಪ್ಪಿಗೆಯಾದರೆ ಸರಿ. ಇಲ್ಲವಾದರೆ ಯಾರೂ ಯಾರನ್ನೂ ನೋಡಿಯೇ ಇಲ್ಲ.

ಅಜ್ಜಿಯ ಕತೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಕುದುರೆಯ ಮೇಲೆ ಬರುತ್ತಿದ್ದ. ನನ್ನನ್ನು ನೋಡಲು ಈರಣ್ಣ ಭಾಂಡುಪಿನಿಂದ ಲೋಕಲ್ ಹಿಡಿದು, ದಾದರದಲ್ಲಿ ಟ್ರಾಮು ಹತ್ತಿ ಬಂದ. ಮುಂದೆ ತಾಯಿ ಗಂಗುಬಾಯಿ, ಹಿಂದೆ ಇವನು. ಕಾರ್ಖಾನೆಯೊಂದರಲ್ಲಿ ಕ್ಲಾರ್ಕು. ತಂದೆ ಗೋಕಾಕದಲ್ಲಿ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಬಂದಿದ್ದರೂ ಮಾತನಾಡುತ್ತಿದ್ದವರು ಗಂಗುಬಾಯಿಯವರೇ ಎಂದು ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೇ ನಮಗೆಲ್ಲ ತಿಳಿಯಿತು. ಕಡುಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಬೆನ್ನಿಗೆ ಉದ್ಯಾನದ ಕಣಗಿಲ ಗಿಡ. ನಡುವೆ ಅವರು, ಒಂದು ಕಡೆ ನನ್ನ ಅಪ್ಪ ಮುರಿಗೆಪ್ಪ, ಅವ್ವ ನಾಗವ್ವ. ಇನ್ನೊಂದು ಕಡೆ ಈರಣ್ಣ ಮತ್ತು, ಒಂದು ಮೊಳ ಜಾಗ ಬಿಟ್ಟು, ನಾನು.

ಅವರು ಅಡುಗೆ ಕೇಳಿದರು, ಹೊಲಿಗೆ ಕೇಳಿದರು. ಉತ್ತರವನ್ನೆಲ್ಲ ಅವ್ವನೇ ಹೇಳುತ್ತಿದ್ದುದರಿಂದ ನಾನು ಎದುರಿಗೆ ನೋಡುತ್ತ ಕುಳಿತೆ. ಹುಲ್ಲಿನ ಮೇಲೆ ದಾಡಿಯ ಹುಡುಗನೊಬ್ಬ ಚಿತ್ರ ಬರೆಯುತ್ತಿದ್ದ. ಕಣ್ಣು ನಮ್ಮ ಬೆನ್ನ ಹಿಂದಿನ ಹಸಿರು ಗಿಡದ ಮೇಲೆ, ಕುಂಚ ಮಾತ್ರ ನೀಲಿ ಬಣ್ಣದೊಳಗೆ. ಗಿಡದ ನೆರಳನ್ನು ಯಾರಾದರೂ ನೀಲಿ ಮಾಡುತ್ತಾರೆಯೇ? ಅಷ್ಟರಲ್ಲಿ ಗಂಗುಬಾಯಿಯವರು ನೇರ ನನ್ನನ್ನೇ, ರೊಟ್ಟಿ ಹೆಂಗ ಬಡೀತಿ ಎಂದು ಕೇಳಿದರಂತೆ. ನಾನು "ನೀಲಿ" ಎಂದೆ.

ಅವ್ವ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಈ ನಂಟು ಬೇಕಾಗಿದ್ದದ್ದು ಅವ್ವನಿಗಷ್ಟೇ ಅಲ್ಲ, ಅಪ್ಪನಿಗೂ; ಅಲ್ಲಿಯವರೆಗೆ ಬಂದು ನೋಡಿ ಹೋದವರೆಲ್ಲ ಹುಡುಗಿಗೆ ಲಕ್ಷ್ಯವೇ ಇಲ್ಲ ಎಂದು ಹೇಳಿಕಳಿಸಿದ್ದರು. ಆದರೆ ಗಂಗುಬಾಯಿಯವರು ನನ್ನ ಕಣ್ಣು ಹೋದ ಕಡೆ ತಿರುಗಿ ಆ ಹುಡುಗನನ್ನು ಕಂಡರು, ಕಂಡವರೇ ಸೆರಗು ಸರಿಮಾಡಿಕೊಂಡರು.

"ನಮ್ಮದ ತಸಬೀರು ತಗೀಲಿಕತ್ತಾನ. ಯಾರೂ ಮಿಸುಕಬ್ಯಾಡ್ರಿ," ಎಂದರು.

ಹುಡುಗನೂ ಖುಷಿಯಾಗಿ "ಮಾವಶಿ, ಹಲೂ ನಕಾ" ಎಂದ. ಮರಾಠಿಯಲ್ಲಿ, ಚಿಕ್ಕಮ್ಮಾ ಅಲುಗಾಡಬೇಡಿ ಎಂದಷ್ಟೇ. ನಾವೆಲ್ಲ ಕಲ್ಲಾದೆವು. ಅಪ್ಪನ ಬಾಯಲ್ಲಿದ್ದ ಚೂಡಾ ಬಾಯಲ್ಲೇ ಉಳಿಯಿತು. ಹಾಗೆ ಎಷ್ಟೋ ಹೊತ್ತು ಕೂತ ಮೇಲೆ ಪಕ್ಕದಿಂದ, ತುಟಿ ಅಲುಗಿಸದೆ ಆಡಿದ ಮಾತು ಕೇಳಿಸಿತು.

"ಕಾಲರಿನ್ಯಾಗ ಇರಿವಿ ಹೊಕ್ಕೇತ್ರಿ."

ಅದು ಈರಣ್ಣ ನನ್ನೊಂದಿಗೆ ಆಡಿದ ಮೊದಲ ಮಾತು. ಕಿವಿ ಕೆಂಪಾಗಿತ್ತು, ಕಣ್ಣಲ್ಲಿ ನೀರು, ಆದರೂ ತಾಯಿಯ ಮಾತಿಗೆ ಕದಲದೆ ಕೂತಿದ್ದ. ಕೈ ಹಾಕಿ ತೆಗೆಯುವ ಹಾಗಿರಲಿಲ್ಲ. ನಾನು ಬಗ್ಗಿದಂತೆ ಮಾಡಿ ಅವನ ಕೊರಳಿನ ಕಡೆ ಒಮ್ಮೆ ಉಫ್ ಎಂದು ಊದಿದೆ. ಇರುವೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ಈ ಮನುಷ್ಯ ನನಗೆ ಬೇಕು ಅನ್ನಿಸಿತು.

ಬಿಸಿಲು ಇಳಿದಾಗ ಹುಡುಗ ಕುಂಚ ಕೆಳಗಿಟ್ಟ. ಎಲ್ಲರಿಗಿಂತ ಮೊದಲು ಎದ್ದು ಚಿತ್ರದ ಹತ್ತಿರ ಹೋದವರು ಗಂಗುಬಾಯಿಯವರು. ಚಿತ್ರದಲ್ಲಿ ಯಾರಿಗೂ ಮುಖವಿರಲಿಲ್ಲ. ಬಿಳಿ ಚುಕ್ಕೆ ಅಪ್ಪನ ಟೊಪ್ಪಿಗೆ, ಕಂದು ಗೀರು ಅವ್ವ; ಆಚೆ ತುದಿಗೆ ಬೂದಿ ಬಣ್ಣದ ಈರಣ್ಣ, ಹಳದಿ ಮೆತ್ತಿದ್ದು ನಾನು. ನಡುವೆ ದೊಡ್ಡದೊಂದು ಗಿಡ, ಗಿಡದ ತುಂಬ ಕೆಂಪು ಹೂವು.

"ನಾ ಎಲ್ಲಿ?" ಎಂದರು ಗಂಗುಬಾಯಿಯವರು.

ಹುಡುಗ ಸಂಕೋಚದಿಂದಲೇ ಗಿಡವನ್ನು ತೋರಿಸಿದ. ಫ್ರಾನ್ಸಿನಲ್ಲಿ ಹೀಗೇ ಬರೆಯುತ್ತಾರೆ, ತಾನು ಬರೆಯುವುದು ಮಂದಿಯನ್ನಲ್ಲ, ಬಿಸಿಲನ್ನು, ಹಸಿರು ಸೀರೆಯೂ ಹಸಿರು ಗಿಡವೂ ಬಿಸಿಲಿಗೆ ಒಂದೇ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದ. ಎಲ್ಲರಿಗಿಂತ ನೆಟ್ಟಗೆ ಕೂತವರೇ ಕಾಣೆಯಾಗಿದ್ದರು. ತಡೆಯಲಿಕ್ಕಾಗಲಿಲ್ಲ, ನಾನು ನಕ್ಕುಬಿಟ್ಟೆ. ಅವ್ವ ಚಿವುಟಿದಷ್ಟೂ ನಗು ಹೆಚ್ಚಾಯಿತು.

ಗಂಗುಬಾಯಿಯವರು ತಿರುಗಿದರು. "ನಿನ್ನ ಅತ್ತಿ ಗಿಡ ಆದ್ಲಂತ ನಗತಿ ಏನ ತಂಗಿ?"

ಅಪ್ಪ ಚೂಡಾ ನುಂಗಿ ಮುಂದೆ ಬಂದ. "ಅತ್ತಿ ಅಂದ್ರಿ. ನಿಮ್ಮ ಬಾಯಿಂದನ ಬಂತ್ರಿ, ಬೀಗತೇರ."

ಅವರು ಚಿತ್ರದ ಹುಡುಗನ ಕಡೆ ಬೆರಳು ಮಾಡಿದರು. "ಅಂದೀನಿ. ಅಂದದ್ದು ಹಿಂದಕ್ಕ ತಗೊಳ್ಳಾಕಿ ಅಲ್ಲ ನಾ. ಆದ್ರ ಮದ್ಲ ಇಂವ ತಸಬೀರಿನ್ಯಾಗ ನನ್ನ ಮನಶ್ಯಾಳನ್ನ ಮಾಡ್ಲಿ. ಅಲ್ಲೀತನಾ ಒಪ್ಪಿಗಿ ಸಕ್ಕರಿ ಇಲ್ಲ, ಮುಹೂರ್ತ ಇಲ್ಲ."

ಬರುವ ರವಿವಾರ ಇದೇ ಹೊತ್ತಿಗೆ, ಇದೇ ಬೆಂಚಿಗೆ ಎಲ್ಲರೂ ಬರಬೇಕೆಂದು ಅಪ್ಪಣೆಯಾಯಿತು. ಚಿತ್ರದ ಹುಡುಗ ಬೇಡವೆನ್ನಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿದ. ವಾರವಿಡೀ ಅವ್ವ ಊಟ ಮಾಡಲಿಲ್ಲ. ಆ ಬಿಸಿಲು ಬರದಿದ್ದರೆ, ಮೋಡ ಕವಿದರೆ ಎಂದು ಗ್ಯಾಲರಿಯಲ್ಲಿ ನಿಂತು ಆಕಾಶ ನೋಡುವಳು. ನಾನೂ ನೋಡಿದೆ.

ರವಿವಾರ ಗಂಗುಬಾಯಿಯವರು ಕುಸುಬಿ ಹೂವಿನ ಕೇಸರಿ ಬಣ್ಣದ ಸೀರೆಯಲ್ಲಿ ಬಂದರು. ಅದನ್ನು ನುಂಗುವ ಗಿಡ ಮುಂಬಯಿಯಲ್ಲೇ ಇರಲಿಲ್ಲ. ಚಿತ್ರದ ಹುಡುಗ ಕುಣಿದೇಬಿಟ್ಟ. ಇಂಥ ಬಣ್ಣ ಸಿಕ್ಕರೆ ಚಿತ್ರವೇ ಬೇರೆಯಾಗುತ್ತದೆ, ಆದರೆ ಇದಕ್ಕೆ ಸುತ್ತ ಜಾಗ ಬೇಕು ಎಂದವನೇ ಚಪ್ಪಟೆ ಚಾಕು ತೆಗೆದುಕೊಂಡು ಚಿತ್ರದಲ್ಲಿದ್ದ ಬೆಂಚಿನ ಆಚೆ ತುದಿಯನ್ನು ಹೆರೆದುಹಾಕಿದ. ಬೂದಿ ಹೋಯಿತು, ಹಳದಿಯೂ ಹೋಯಿತು.

"ಈರಣ್ಣಾ, ನೀವಿಬ್ಬರೂ ಈಗ ಇದರಾಗ ಇಲ್ಲ," ಎಂದರು ಗಂಗುಬಾಯಿಯವರು, ಆಗಲೇ ನೆಟ್ಟಗೆ ಕೂತು, ಕಣ್ಣು ಹುಡುಗನ ಮೇಲೆಯೇ ಇಟ್ಟು. "ಅಡ್ಡ ಕೂಡಬ್ಯಾಡ್ರಿ, ಏಳ್ರಿ."

ಅಪ್ಪ ಅವ್ವ ಟೊಪ್ಪಿಗೆಯಾಗಿ, ಗೀರಾಗಿ ಕೂತೇ ಇರಬೇಕಾಯಿತು. ನಾವಿಬ್ಬರು ಬೆಂಚಿನ ಹಿಂದೆ ಬಂದೆವು. ಹುಲ್ಲಿನ ಮೇಲೆ ಮಕ್ಕಳು, ಐಸ್ ಗೋಲಾ ಮಾರುವವನ ಗಾಡಿ, ಆಚೆ ತಿರುವಿನವರೆಗೆ ಖಾಲಿ ದಾರಿ. ಈರಣ್ಣ ಕರವಸ್ತ್ರ ಹಿಂಡುತ್ತ ನಿಂತ.

"ನನಗ ಒಪ್ಪಿಗಿ ಐತ್ರಿ," ಎಂದ ಕಡೆಗೆ. "ನಿಮ್ಮನ್ನ ಯಾರೂ ಕೇಳೇ ಇಲ್ಲ. ನಿಮಗ?"

ಬೆಂಚಿನ ಆಚೆಯಿಂದ "ಮಾವಶಿ, ಹಲೂ ನಕಾ" ಎಂದು ಕೇಳಿಸಿತು.

"ಮದ್ಲ ನಡೀರಿ," ಎಂದೆ ನಾನು. "ಅವರು ಹೊಳ್ಳಿ ನೋಡೂದ್ರಾಗ ಆ ತಿರುವು ದಾಟೂಣು."